ಒಂದೇ ಮುಳ್ಳಿನ ಗಡಿಯಾರ

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಆ ಬಿಸ್ಕತ್ತಿನ ಡಬ್ಬಿ ನೀಲಿ ಬಣ್ಣದ್ದು ಎಂದೇ ಇಷ್ಟು ವರ್ಷ ನಂಬಿದ್ದೆ. ಹೋದ ತಿಂಗಳು ಬೇಸ್‌ಮೆಂಟ್ ಖಾಲಿ ಮಾಡುವಾಗ ಕೈಗೆ ಸಿಕ್ಕಿತು, ನೋಡಿದರೆ ಹಸಿರು. ಮುಚ್ಚಳ ತೆಗೆದೆ. ಲವಂಗ, ಚಕ್ಕೆ, ಜಾಯಿಕಾಯಿ... ಬಿಸ್ಕತ್ತು ಮುಗಿದು ಎಷ್ಟೋ ವರ್ಷವಾದರೂ ವಾಸನೆ ಹೋಗಿರಲಿಲ್ಲ. ತಳದಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದ. ಅದರಲ್ಲಿ ಏನಿದೆ ಎಂದು ಬಿಡಿಸಿ ನೋಡದೆಯೇ ಗೊತ್ತಿತ್ತು.

ಆಗ ನಾವು ಡೆಟ್ರಾಯಿಟ್‌ನಿಂದ ನಾಲ್ಕೈದು ಗಂಟೆ ದೂರದ ಲೊಂಬಾರ್ಡ್ ಎಂಬ ಊರಿನಲ್ಲಿದ್ದೆವು. ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಒಂದರಲ್ಲಿ ಬಾಡಿಗೆಗೆ ನಾವು, ಇನ್ನೊಂದರಲ್ಲಿ ಅಂಕಲ್. ಹಾಲೆಂಡಿನ ಒಂದು ಸಣ್ಣ ಊರಿನಿಂದ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಬಂದು, ಬಡಗಿ ಕೆಲಸ ಮಾಡಿಕೊಂಡು ಬದುಕಿದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾವು ಅಂಕಲ್ ಎಂದು ಕರೆಯುವುದು ಮೊದಮೊದಲು ಅವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಆಮೇಲೆ ನಮಗೆ ಫೋನ್ ಮಾಡಿದಾಗ ತಾವೇ "ನಾನು, ಅಂಕಲ್" ಎನ್ನತೊಡಗಿದರು.

ರಿಸೆಷನ್ ಬಂದಿತ್ತು. ನಮ್ಮ ಬೀದಿಯಲ್ಲೇ ಮೂರು ಮನೆಗಳ ಮುಂದೆ ಮಾರಾಟಕ್ಕಿದೆ ಎಂಬ ಬೋರ್ಡು ಬಿಸಿಲಿಗೆ ಬಣ್ಣಗೆಟ್ಟು ನಿಂತಿತ್ತು. ನನ್ನ ಗಂಡನ ಪ್ರಾಜೆಕ್ಟ್ ನಿಂತು ಕೆಲಸ ಹೋಯಿತು. ಬೇಗ ಬೇರೆ ಕಂಪನಿ ಸಿಗದಿದ್ದರೆ ವೀಸಾ ಹೋಗಿ ನಾವು ದೇಶ ಬಿಡಬೇಕಿತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಆ ಪದವಿ ಸೂಟ್‌ಕೇಸಿನಲ್ಲಿ ಮಲಗಿತ್ತು. ಆರು ತಿಂಗಳಿಗೆಂದು ಬಂದಿದ್ದ ಅತ್ತೆ, ಮಗನ ಮುಖ ನೋಡಲಾಗದೆ ದಿನವಿಡೀ ಚಪಾತಿ ಲಟ್ಟಿಸುತ್ತಿದ್ದರು.

ಇಂಥ ಹೊತ್ತಿನಲ್ಲಿ ಅಂಕಲ್ ಬಾಗಿಲು ತಟ್ಟಿದರು. ಕಣ್ಣು ಮಂಜಾಗಿದೆ, ಓದಲಾಗುವುದಿಲ್ಲ, ಬರೆಯಲಾಗುವುದಿಲ್ಲ. ತಮ್ಮ ಊರಿನ ಚರಿತ್ರೆಯನ್ನು ಹೇಳುತ್ತೇನೆ, ನೀನು ಟೈಪ್ ಮಾಡಿ ಕೊಡುತ್ತೀಯಾ ಎಂದು ಕೇಳಿದರು. ತಮಗೆ ಎಂಬತ್ತು ತುಂಬುವ ದಿನ ಮಗಳು ಅದನ್ನು ಎಲ್ಲರೆದುರು ಓದಬೇಕು ಎಂಬುದು ಅವರ ಆಸೆ. ಆ ಮಗಳು ಡೆಟ್ರಾಯಿಟ್ ಕಡೆ ಇದ್ದಳು. ಒಮ್ಮೆ ಅಂಕಲ್ ಒಲೆ ಆರಿಸುವುದನ್ನು ಮರೆತಿದ್ದರು. ಅದಾದ ಮೇಲೆ ಅವಳು ತನ್ನ ಮನೆಯ ಹತ್ತಿರವೇ ಒಂದು ವೃದ್ಧಾಶ್ರಮ ನೋಡಿಟ್ಟಿದ್ದಳು.

"ನನ್ನ ತಲೆ ಸರಿಯಾಗಿದೆ ಅಂತ ಅವಳಿಗೆ ಗೊತ್ತಾಗಬೇಕು. ಈ ಮನೆಯ ಮೆಟ್ಟಿಲು ನಾನೇ ಮಾಡಿದ್ದು. ನಾನು ಇಲ್ಲಿಂದ ಹೋಗಲ್ಲ," ಎಂದಿದ್ದರು.

ವಾರಕ್ಕೆ ಮೂರು ಮಧ್ಯಾಹ್ನ ಅವರ ಅಡಿಗೆಮನೆಯಲ್ಲಿ ಕೂರುತ್ತಿದ್ದೆವು. ಸರಪಳಿ ಎಳೆದು ಎತ್ತುವ ಸೇತುವೆ, ಚೀಸ್ ತೂಗುವ ಕಟ್ಟಡ, ಬೇಕರಿಯ ಗೋಡೆಯ ಮೇಲೆ ಹಳೆಯ ಪ್ರವಾಹದ ನೀರು ಬಂದು ನಿಂತಿದ್ದ ಮಟ್ಟದ ಗೆರೆ. ಚಿಕ್ಕವರಿದ್ದಾಗ ವರ್ಷಕ್ಕೊಮ್ಮೆ ಅವರಮ್ಮ ಅವರನ್ನು ಆ ಗೆರೆಯ ಪಕ್ಕ ನಿಲ್ಲಿಸಿ, ಈ ವರ್ಷವೂ ನೀನು ಮುಳುಗುತ್ತೀಯ ಎನ್ನುತ್ತಿದ್ದಳಂತೆ. ಆಮೇಲೆ ಚರ್ಚು. ಬೀದಿಯ ಒಂದು ಬದಿ ಅದರ ಗೋಪುರ, ಇನ್ನೊಂದು ಬದಿ ಚರ್ಚು. ಯಾವುದೋ ಕಾಲದ ಬಿರುಗಾಳಿಗೆ ಚರ್ಚಿನ ನಡುವಿನ ಭಾಗ ಬಿದ್ದು, ಯಾರೂ ಮತ್ತೆ ಕಟ್ಟದೆ, ಅಲ್ಲೇ ದಾರಿಯಾಯಿತು. ಸಂತೆಗೆ ಹೋಗುವ ಗಂಡಸರು, ಇನ್ನೂ ಚರ್ಚಿನೊಳಗೇ ಇದ್ದೇವೆಂಬಂತೆ, ಅಷ್ಟು ದೂರ ಮಾತ್ರ ಟೋಪಿ ತೆಗೆದು ನಡೆಯುತ್ತಿದ್ದರಂತೆ. ಗೋಪುರದ ಗಡಿಯಾರಕ್ಕೆ ಒಂದೇ ಮುಳ್ಳು, ಗಂಟೆಯದು. "ನಿಮಿಷವೇ ಇಲ್ಲದ ಊರಿನಲ್ಲಿ ಯಾರೂ ಲೇಟಾಗುವುದಿಲ್ಲ," ಎಂದು ನಕ್ಕರು. ನನಗೆ ಸುಲಭವಾಗಲಿ ಎಂದು ತಡವರಿಸುತ್ತಾ ಪೆನ್ಸಿಲಿನಲ್ಲಿ ಊರಿನ ನಕ್ಷೆಯನ್ನೂ ಬರೆದುಕೊಟ್ಟರು.

ನಾನು ನಂಬಲಿಲ್ಲ.

ಗೋಪುರ ಎಲ್ಲೋ, ಚರ್ಚು ಎಲ್ಲೋ? ಗಡಿಯಾರಕ್ಕೆ ಒಂದೇ ಮುಳ್ಳೇ? ಇಂಟರ್ನೆಟ್‌ನಲ್ಲಿ ಆ ಊರಿನ ಒಂದೇ ಒಂದು ಫೋಟೋ ಸಿಕ್ಕಿತು. ದೂರದಿಂದ ತೆಗೆದದ್ದು. ಅದರಲ್ಲಿ ಗೋಪುರವೂ ಚರ್ಚೂ ಕೂಡಿಕೊಂಡೇ ಇದ್ದಂತೆ ಕಂಡಿತು. ಪಾಪ, ವಯಸ್ಸಾಗಿದೆ ಅಂದುಕೊಂಡೆ. ಕೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ದೊಡ್ಡವರ ತಪ್ಪನ್ನು ಅವರೆದುರು ಎತ್ತಿ ಆಡುವ ಪದ್ಧತಿ ಇರಲಿಲ್ಲ. ದೊಡ್ಡಪ್ಪ ಲಗ್ನಪತ್ರಿಕೆ ಬರೆದುಕೊಟ್ಟರೆ, ತುಂಬ ಚೆನ್ನಾಗಿದೆ ಎಂದು ಹೇಳಿ, ಪ್ರೆಸ್ಸಿಗೆ ಹೋಗುವ ದಾರಿಯಲ್ಲಿ ತಿದ್ದುತ್ತಿದ್ದೆವು. ಅದೇ ಮರ್ಯಾದೆ ಎಂದು ಬೆಳೆದವಳು ನಾನು. ಹಾಗೆಯೇ ತಿದ್ದಿದೆ. ಚರ್ಚಿನ ನೆತ್ತಿಯಿಂದ ಮೇಲೇಳುವ ಗೋಪುರ, ಬಿಸಿಲಿಗೆ ಹೊಳೆಯುವ ಎರಡು ಮುಳ್ಳುಗಳು. ಟೋಪಿ ತೆಗೆಯುವ ಗಂಡಸರಿಗೆ ಜಾಗ ಉಳಿಯಲಿಲ್ಲ, ಅವರನ್ನು ಅಳಿಸಿದೆ. ಎಷ್ಟು ದಿನದ ಮೇಲೆ ನನ್ನ ಓದು ಉಪಯೋಗಕ್ಕೆ ಬಂತು ಎಂದು ಖುಷಿಯೂ ಪಟ್ಟೆ.

ಹುಟ್ಟುಹಬ್ಬದ ದಿನ ಹಿಮ ಬೀಳುತ್ತಿತ್ತು. ಅವರ ಕಡೆಯ ಪದ್ಧತಿಯಂತೆ ಕುರ್ಚಿಗಳನ್ನು ಸುತ್ತಲೂ ಹಾಕಿ ಎಲ್ಲರೂ ಮುಖಾಮುಖಿ ಕೂತರು. ಬಂದವರು ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಕೂತಿದ್ದವರಿಗೆಲ್ಲ ಅಭಿನಂದನೆ ಹೇಳಿ ಕೈಕುಲುಕುತ್ತಿದ್ದರು. "ನಂಗ್ಯಾಕೆ ಕಂಗ್ರಾಟ್ಸು? ನಾನೇನು ಮಾಡ್ದೆ?" ಎಂದು ಅತ್ತೆ ಕಿವಿಯಲ್ಲಿ ಕೇಳಿದರು. ಅತ್ತೆಯ ಕುರ್ಚಿ ಅಂಕಲ್‌ಗೆ ಸರಿಯಾಗಿ ಎದುರಿಗಿತ್ತು. ಬೆಳಗ್ಗೆ ಅಡಿಗೆಮನೆಯಲ್ಲಿ ಅಂಕಲ್ ಮಗಳು ನನಗೊಂದು ಮಾತು ಹೇಳಿದ್ದಳು: ತನ್ನ ಆಫೀಸಿನಲ್ಲಿ ಒಂದು ಜಾಗ ಖಾಲಿಯಿದೆ, ನಿನ್ನ ಗಂಡನ ರೆಸ್ಯೂಮೆಯನ್ನು ಸೋಮವಾರ ನಾನೇ ಕೈಯಾರೆ ಕೊಡುತ್ತೇನೆ.

ಮಗಳು ಓದಿದಳು. ಪ್ರವಾಹದ ಗೆರೆಗೆ ಎಲ್ಲರೂ ನಕ್ಕರು. ಚರ್ಚಿನ ಪುಟ ಬಂತು. ಅಂಕಲ್ ಊರಿನವರೇ ಆದ ಒಬ್ಬ ಮುದುಕಿ ಕೈಯೆತ್ತಿ ತಡೆದರು.

"ಇದು ಯಾವ ಊರು? ನಮ್ಮ ಗೋಪುರ ಯಾವಾಗ ದಾರಿ ದಾಟಿ ಚರ್ಚಿಗೆ ಹೋಯಿತು? ಎರಡನೇ ಮುಳ್ಳು ನೀನು ಕೂರಿಸಿದ್ದಾ, ಬಡಗಿ?"

ಒಂದಿಬ್ಬರು ನಕ್ಕರು. ಮಗಳು ನಗಲಿಲ್ಲ. ಹಾಳೆಯಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು.

ಅದು ನಾನು ಬರೆದದ್ದು... ಅಷ್ಟು ಹೇಳಿದ್ದರೆ ಸಾಕಿತ್ತು. ರೆಸ್ಯೂಮೆಗಾಗಿ ಸುಮ್ಮನಿದ್ದೆನೋ, ಅಷ್ಟು ಜನರೆದುರು ದಡ್ಡಿಯಾಗುವ ನಾಚಿಕೆಗೋ, ಈಗ ಬೇರ್ಪಡಿಸಿ ಹೇಳಲಾರೆ. ಮಡಿಲಲ್ಲಿದ್ದ ಕೇಕಿನ ತಟ್ಟೆಯನ್ನು ನೋಡುತ್ತಾ ಕೂತೆ. ಅಂಕಲ್ ದನಿ ಮಾತ್ರ ಕೇಳಿಸಿತು.

"ನಾನೇ ಹಾಗೆ ಹೇಳಿದೆನೇನೋ. ಈಗೀಗ ಮರೆತುಹೋಗುತ್ತೆ."

ಮನೆಗೆ ಮರಳುವಾಗ ಅತ್ತೆ, "ಅವರ ಮುಖ ನೋಡಿದ್ಯೇನೇ?" ಎಂದು ಶುರುಮಾಡಿದರು. ಚಳಿ, ಬೇಗ ನಡೀರಿ ಎಂದೆ. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: ಹಿಮ. ಅಂಕಲ್ ಮನೆ. ಕೇಕ್ ಚೆನ್ನಾಗಿತ್ತು.

ಚಳಿಗಾಲ ಮುಗಿಯುವ ಮೊದಲೇ ಮಗಳು ಅವರನ್ನು ಕರೆದುಕೊಂಡು ಹೋದಳು. ಹೊರಡುವಾಗ ತಾವೇ ಮಾಡಿದ ಮೆಟ್ಟಿಲನ್ನು ಅವಳ ಕೈಹಿಡಿದು ಇಳಿದರು. ನನಗೆ ಅವರ ಕಡೆಯ ಮಸಾಲೆ ಬಿಸ್ಕತ್ತಿನ ಡಬ್ಬಿ ಕೊಟ್ಟರು. ಬಿಸ್ಕತ್ತು ಮುಗಿದ ಮೇಲೆ ಆ ನಕ್ಷೆಯನ್ನು ಅದರೊಳಗೆ ಇಟ್ಟು ಮುಚ್ಚಿದವಳು ನಾನೇ. ಅವರ ಮನೆಯ ಮುಂದೆಯೂ ಬೋರ್ಡು ನಿಂತಿತು.

ಕೆಲಸ ನನ್ನ ಗಂಡನಿಗೇ ಸಿಕ್ಕಿತು. ನಾವು ಡೆಟ್ರಾಯಿಟ್ ಕಡೆಗೆ, ಈಗಲೂ ಇರುವ ನೋವೈ ಎಂಬ ಊರಿಗೆ ಬಂದೆವು. ಅಂಕಲ್ ಇದ್ದ ವೃದ್ಧಾಶ್ರಮ ಇಲ್ಲಿಂದ ಹನ್ನೊಂದು ಮೈಲಿ. ಎರಡು ಸಲ ಡ್ರೈವ್ ಮಾಡಿಕೊಂಡು ಹೋದೆ. ಒಂದು ಸಲ ಪಾರ್ಕಿಂಗ್ ಲಾಟ್‌ನಿಂದಲೇ ತಿರುಗಿಸಿಕೊಂಡು ಬಂದೆ. ಇನ್ನೊಂದು ಸಲ ಒಳಗೆ ಹೋದಾಗ ಅವರು ಕಿಟಕಿಯ ಪಕ್ಕ ಕೂತಿದ್ದರು. ದನಿಯಿಂದ ಗುರುತು ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು.

"ನೀನು ಬರೆದುಕೊಂಡಿದ್ದೆಯಲ್ಲ. ಆ ಗಡಿಯಾರಕ್ಕೆ ಎಷ್ಟು ಮುಳ್ಳು?"

"ಒಂದು, ಅಂಕಲ್."

"ನಾನೂ ಹಾಗೇ ಅಂದುಕೊಂಡಿದ್ದೆ," ಎಂದರು.

ಪರೀಕ್ಷೆ ಮಾಡಿದರೋ, ನಿಜವಾಗಿಯೂ ಕೇಳಿದರೋ... ಆಗಲೂ ಉಳಿದದ್ದನ್ನು ಹೇಳಲಿಲ್ಲ. ಮುಂದಿನ ವರ್ಷ ಅವರು ತೀರಿಹೋದರು. ಮಗಳ ಇಮೇಲ್‌ಗೆ, ಅವರು ನಮ್ಮ ಮನೆಯವರಂತೆ ಇದ್ದರು ಎಂದು ಉತ್ತರ ಬರೆದೆ.

ಡಬ್ಬಿ ಸಿಕ್ಕ ದಿನ ಕೊನೆಗೂ ನಕ್ಷೆ ಬಿಡಿಸಿದೆ. ಗೋಪುರ, ದಾರಿ, ಚರ್ಚು. ವೃತ್ತದೊಳಗೆ ಒಂದೇ ಗೆರೆ. ಟೈಪ್ ಮಾಡುವಷ್ಟು ದಿನವೂ ಇದು ನನ್ನ ಮೇಜಿನ ಮೇಲೇ ಇತ್ತು. ತಪ್ಪು ನನ್ನದೆಂದು ತಿಳಿದು ಅವರು ನನ್ನನ್ನು ಕಾಪಾಡಿದರೇ? ಅಥವಾ ನನ್ನ ಹಾಳೆಗಳನ್ನು ನಂಬಿ, ತಮ್ಮ ತಲೆಯೇ ಕೆಟ್ಟಿದೆ ಎಂದುಕೊಂಡು ಆ ಮೆಟ್ಟಿಲು ಇಳಿದರೇ? ಮೊದಲನೆಯದಾದರೆ ನಾನು ಹೇಗೋ ತಡೆದುಕೊಂಡೇನು.

ಗಂಡನಿಗೆ ಹೇಳಿದೆ. ಎಷ್ಟು ಹಳೇ ವಿಷಯ, ಬಿಡು ಎಂದರು. ಆ ಕ್ಷಣ ನಾನು ತಟ್ಟೆ ನೋಡುತ್ತಿದ್ದೆ, ಅಂಕಲ್ ಮುಖ ನೋಡಿದ್ದು ಎದುರಿಗೆ ಕೂತಿದ್ದ ಅತ್ತೆ. ಅವರೀಗ ಮೈಸೂರಿನಲ್ಲಿದ್ದಾರೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಎಲ್ಲವನ್ನೂ ಹೇಳಿ ಕೇಳಿದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕುಕ್ಕರ್ ಕೂಗಿತೆಂದು ಎದ್ದುಹೋಗಿ, ಬಂದವರು ಮೊಮ್ಮಗಳ ಪರೀಕ್ಷೆ ಯಾವಾಗ ಎಂದರು. ಮತ್ತೆ ಎರಡು ಭಾನುವಾರ ಕಳೆದವು. ಅವರಾಗಿಯೇ ಆ ಮಾತೆತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಮರೆತುಹೋಗುತ್ತೆ ಅಂದಾಗ ಅಂಕಲ್ ಯಾರ ಕಡೆ ನೋಡ್ತಾ ಇದ್ರು?"