ತೊಂಬತ್ತೊಂದಕ್ಕೆ ನಿಂತ ನಾಟಕ

ಮೋಟಾರ್ ವೈಂಡಿಂಗ್ ಅಂಗಡಿಯವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಲೈಟಣ್ಣ. ಹಗಲೆಲ್ಲ ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಹೊಟ್ಟೆ ಬಗೆದು ಕರಕಲು ತಂತಿ ಕಿತ್ತು ಹೊಸ ತಾಮ್ರ ಸುತ್ತುವುದು, ಸಂಜೆಯಾದರೆ ಬಡಾವಣೆಯ ಹವ್ಯಾಸಿ ನಾಟಕ ತಂಡಕ್ಕೆ ದೀಪ ಹಾಕುವುದು. ಮೊದಲನೆಯದು ಹೊಟ್ಟೆಪಾಡು. ಎರಡನೆಯದನ್ನು ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ, ತಾನಾಗಿ ಹೋಗಿ ಬಿದ್ದಿದ್ದ. ರಂಗದ ಮೇಲೆ ನಿಲ್ಲೆಂದರೆ ಕೈಕಾಲು ನಡುಗುತ್ತಿದ್ದ ಮನುಷ್ಯ, ಕತ್ತಲಲ್ಲಿ ಕೂತು ಇನ್ನೊಬ್ಬರ ಮುಖಕ್ಕೆ ಬೆಳಕು ಬಿಡುವುದೆಂದರೆ ಊಟ ಬಿಟ್ಟು ಓಡಿ ಬರುತ್ತಿದ್ದ.

ಆ ತಂಡದಲ್ಲಿ ಒಂದು ರೂಢಿ ಇತ್ತು. ನಾಟಕ ಮುಗಿದು ಬಣ್ಣ ತೊಳೆದರೂ ಪಾತ್ರ ತೊಳೆದು ಹೋಗುತ್ತಿರಲಿಲ್ಲ. ಔಷಧಿ ಅಂಗಡಿಯವನು ರಸ್ತೆಯಲ್ಲಿ ಸಿಕ್ಕರೂ ‘ಏನ್ ಮಂತ್ರಿಗಳೇ’ ಎಂದೇ ಮಾತಾಡಿಸುತ್ತಿದ್ದರು. ಹಲ್ಲಿನ ಡಾಕ್ಟರು ವಿದೂಷಕ. ಅವನು ಬಾಯಿ ತೆರೆಯಿರಿ ಎಂದಾಗ ತಂಡದವರು ನಗು ತಡೆಯಲಾರದೆ ಒದ್ದಾಡುತ್ತಿದ್ದರು. ಟೈಲರಮ್ಮ ಕಿರಿಯ ರಾಣಿ. ಇನ್ನು ರಾಜಮಾತೆ ಎಂದರೆ ಲೈಟಣ್ಣನ ಸ್ವಂತ ಅಕ್ಕ. ಅವಳು ಬಾಯಿ ತೆರೆದರೆ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವನೂ ನೆಟ್ಟಗೆ ಕೂರುತ್ತಿದ್ದ.

ಅಕ್ಕ ಬಣ್ಣ ಹಚ್ಚಿದ ಕೊನೆಯ ನಾಟಕವನ್ನು ಲೈಟಣ್ಣ ಕ್ಯಾಮೆರಾ ಇಟ್ಟು ಪೂರ್ತಿ ಹಿಡಿದಿದ್ದ. ಹಿಡಿದದ್ದೇನೋ ಸರಿ, ಹಂಚುವುದು ಹೇಗೆ? ಮೇಲ್‌ನಲ್ಲಿ ಕಳಿಸೋಣವೆಂದರೆ ಅಷ್ಟು ದೊಡ್ಡ ವಿಡಿಯೊ ಹೋಗದು. ಪೆನ್‌ಡ್ರೈವ್ ಕೊಟ್ಟರೆ ಅದು ಮತ್ತೆ ಮನೆ ಸೇರಿದ ದಾಖಲೆ ಇಲ್ಲ. ಆಗ ಮಂತ್ರಿ ಟೊರೆಂಟ್ ಎಂಬ ಉಪಾಯ ಹೇಳಿದ. ಅದೆಲ್ಲ ಕದ್ದ ಸಿನಿಮಾ ನೋಡುವವರ ದಾರಿ ಎಂದು ಲೈಟಣ್ಣ ಮೊದಲು ಮುಖ ಸಿಂಡರಿಸಿದ.

“ನಮ್ ನಾಟಕ, ನಾವೇ ಹಂಚ್ಕೊಂಡ್ರೆ ಅದೆಂಥ ಕಳ್ಳತನ ಮಾರಾಯ? ವಿಡಿಯೊ ಚೂರುಚೂರಾಗಿ ಹೋಗುತ್ತೆ. ಯಾರ ಹತ್ರ ಯಾವ ಚೂರಿದೆಯೋ ಅವರು ಇಲ್ಲದವರಿಗೆ ಕೊಡ್ತಾರೆ, ಅಷ್ಟೇ” ಎಂದು ಮಂತ್ರಿ ಬಿಡಿಸಿ ಹೇಳಿದ ಮೇಲೆ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ತನ್ನದೊಂದು ಜಾಣತನವನ್ನೂ ಸೇರಿಸಿದ. ಒಂದೊಂದು ದೃಶ್ಯಕ್ಕೂ ಒಂದೊಂದು ಫೈಲು ಮಾಡಿ, ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ಬಿಟ್ಟ. ಈ ಜಾಣತನ ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಆಗ ಗೊತ್ತಿದ್ದರೆ ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಳ್ಳುತ್ತಿದ್ದ.

ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಸ್ಪತ್ರೆಯವರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು, ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಮನೆಗೆ ಬಂದ ಅಕ್ಕ ಕತ್ತಿಗೆ ತೆಳು ಬಟ್ಟೆ ಸುತ್ತಿಕೊಂಡು ಕಿಟಕಿ ಪಕ್ಕ ಕೂತಿರುತ್ತಿದ್ದಳು. ಹೇಳಬೇಕಾದದ್ದನ್ನು ಕೈಯಲ್ಲಿ, ಕಣ್ಣಲ್ಲಿ, ತೀರಾ ಆಗದಿದ್ದರೆ ಫೋನಿನಲ್ಲಿ ಒತ್ತಿ ತೋರಿಸುತ್ತಿದ್ದಳು. ಒಂದು ದಿನ ತಮ್ಮನ ಮುಂದೆ ಫೋನು ಹಿಡಿದಳು: ‘ಕೊನೇ ದೃಶ್ಯ ಹಾಕು. ನನ್ನ ದನಿ ಕೇಳಬೇಕು.’

“ಅದೇನು ಮಹಾ ಅಕ್ಕ, ನಾಳೆ ತಂದು ಹಾಕ್ತೀನಿ ಬಿಡು” ಎಂದುಬಿಟ್ಟ ಲೈಟಣ್ಣ.

ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಕಂಪ್ಯೂಟರ್ ಹಾಕಿದರೆ, ಹಾರ್ಡ್ ಡಿಸ್ಕು ಟಿಕ್ ಟಿಕ್ ಎಂದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅದರೊಳಗಿನ ಪುಟ್ಟ ಮೋಟಾರು ತಿರುಗಲೇ ಇಲ್ಲ. ಇಡೀ ಬಡಾವಣೆಯ ಮೋಟಾರುಗಳನ್ನು ತಿರುಗಿಸಿದವನು ಅದರ ಮುಂದೆ ಪೆದ್ದನಂತೆ ಕೂತ. ರಿಪೇರಿಯವನಿಗೆ ತೋರಿಸಿದರೆ ಅವನೂ ಆಗದೆಂದು ತಲೆಯಾಡಿಸಿದ. ಅಕ್ಕ ಎಂದೂ ಫೋನಿನಲ್ಲಿ ದನಿ ಕಳಿಸಿದವಳಲ್ಲ. ಮದುವೆ ಮುಂಜಿಯ ವಿಡಿಯೊಗಳಲ್ಲಿ ‘ಬನ್ನಿ, ಕೂತ್ಕೊಳ್ಳಿ’ ಎಂಬಷ್ಟು ಇದ್ದೀತು, ಅದೂ ಓಲಗದ ಸದ್ದಿನಡಿ. ಆ ನಾಟಕದಲ್ಲಿ ರಾಜಮಾತೆ ಬರುವುದೇ ಕೊನೆಯ ದೃಶ್ಯದಲ್ಲಿ, ಅವಳ ದನಿ ಪೂರ್ತಿಯಾಗಿ ಇದ್ದದ್ದೂ ಅಲ್ಲಿ ಮಾತ್ರ.

ಆದರೂ ಲೈಟಣ್ಣ ಎದೆಗುಂದಲಿಲ್ಲ. ಇದಕ್ಕೇ ಅಲ್ಲವೇ ಎಲ್ಲರಿಗೂ ಹಂಚಿದ್ದು? ಅಕ್ಕನ ಮನೆಗೆ ಹೋಗಿ ಅವಳ ಮಗಳ ಲ್ಯಾಪ್‌ಟಾಪಿನಲ್ಲಿ ಅದೇ ಟೊರೆಂಟನ್ನು ಹಚ್ಚಿದ. ಆ ಮಗಳು, ಅವನ ಬಾಯಲ್ಲಿ ಪುಟ್ಟಿ, ಈಗ ಲೆಕ್ಕಪತ್ರದ ಆಫೀಸಿಗೆ ಹೋಗುವ ಹುಡುಗಿ. ಇಬ್ಬರೂ ಕೂತು ನೋಡುತ್ತಿದ್ದಂತೆ ಹಸಿರು ಗೆರೆ ಸರಸರ ಓಡಿತು. ಐವತ್ತು, ಎಪ್ಪತ್ತು, ತೊಂಬತ್ತು. ತೊಂಬತ್ತೊಂದಕ್ಕೆ ಬಂದು ನಿಂತದ್ದು ನಿಂತೇಬಿಟ್ಟಿತು. ಬೆಳಗ್ಗೆ ನೋಡಿದರೂ ಅಷ್ಟೇ, ಸಂಜೆ ನೋಡಿದರೂ ಅಷ್ಟೇ.

ಅಕ್ಕ ಹುಬ್ಬೆತ್ತಿ ಕೇಳಿದಳು. “ಇಳೀತಾ ಇದೆ ಅಕ್ಕ, ಸ್ವಲ್ಪ ನಿಧಾನ” ಎಂದ ಲೈಟಣ್ಣ, ಅವಳ ಮುಖ ನೋಡದೆ.

ಇಲ್ಲಿಂದ ಶುರುವಾಯಿತು ಅವನ ಅಲೆದಾಟ. ಮೊದಲು ಮನೆಯ ಮೋಡೆಮ್ ಆರಿಸಿ ಹಾಕಿದ್ದಾಯಿತು. ಹೊರಗಿನವರು ಒಳಗೆ ಬರುವ ದಾರಿಯನ್ನು ಅದು ಮುಚ್ಚಿಕೊಂಡಿದೆಯೆಂದು ಪುಟ್ಟಿ ಎಲ್ಲೋ ಓದಿ, ಯಾವುದೋ ಸಂಖ್ಯೆ ಬದಲಿಸಿ ತೆರೆದಳು. ಗೆರೆ ಮಿಸುಕಲಿಲ್ಲ. ಮಂತ್ರಿಯ ಅಂಗಡಿಗೆ ಹೋದರೆ ಅಲ್ಲಿ ಗಿರಾಕಿ ಬಂದಾಗ ಮಾತ್ರ ಕಂಪ್ಯೂಟರಿಗೆ ಎಚ್ಚರ, ಮಿಕ್ಕ ಹೊತ್ತೆಲ್ಲ ನಿದ್ದೆ. “ನಿದ್ದೆ ಮಾಡೋವ್ರು ಯಾರಿಗೆ ಏನ್ ಕೊಡ್ತಾರೆ ಮಂತ್ರಿಗಳೇ?” ಎಂದು ಗೊಣಗುತ್ತ ಅದು ಮಲಗದಂತೆ ಮಾಡಿ ಬಂದ. ಕಿರಿಯ ರಾಣಿಯ ಮನೆಯಲ್ಲಿ ವೈರಸ್ ಕಾಯುವ ತಂತ್ರಾಂಶ ಟೊರೆಂಟನ್ನೇ ಕಳ್ಳನೆಂದು ಹಿಡಿದು ಒಳಗೆ ಹಾಕಿತ್ತು, ಬಿಡಿಸಿದ. ವಿದೂಷಕನ ಮಗ, ತನ್ನ ಆಟಕ್ಕೆ ಅಡ್ಡಿಯಾಗುತ್ತದೆಂದು, ಹೊರಗೆ ಕಳಿಸುವ ವೇಗವನ್ನು ಹನಿ ಹನಿಗೆ ಇಳಿಸಿಟ್ಟಿದ್ದ. ವಿದೂಷಕ ಮಗನಿಗೆ ಬೈದು ಸರಿಮಾಡಿದ.

ಈಗ ಎಲ್ಲರೂ ಎಚ್ಚರ, ಎಲ್ಲ ದಾರಿಯೂ ಸಲೀಸು. ಗೆರೆ ಮಾತ್ರ ತೊಂಬತ್ತೊಂದೇ. ರವೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಮಾವ, ಇಲ್ಲಿ ನೋಡು” ಎಂದಳು ಪುಟ್ಟಿ. ದೃಶ್ಯಗಳ ಪಟ್ಟಿ ತೆರೆದಿದ್ದಳು. ಎಲ್ಲದರ ಮುಂದೆ ನೂರು. ಕೊನೆಯದರ ಮುಂದೆ ಸೊನ್ನೆ. “ಇದು ನಿಧಾನ ಅಲ್ಲ ಮಾವ. ಇದು ಯಾರ ಹತ್ರಾನೂ ಇಲ್ಲ. ಎಲ್ಲರದ್ದೂ ಸೇರಿಸಿದ್ರೂ ಒಂದು ಪೂರ್ತಿ ನಾಟಕ ಆಗಲ್ಲ.”

ಲೈಟಣ್ಣ ನಿಂತಲ್ಲೇ ಮಂತ್ರಿಗೆ ಫೋನು ಮಾಡಿದ. ಕೊನೇ ದೃಶ್ಯ ಯಾಕೆ ಇಳಿಸಿಕೊಳ್ಳಲಿಲ್ಲ?

“ಅದ್ರಲ್ಲಿ ನಾನೇ ಇಲ್ವಲ್ಲೋ” ಎಂದ ಮಂತ್ರಿ, ಇದೂ ಒಂದು ಪ್ರಶ್ನೆಯೇ ಎಂಬ ದನಿಯಲ್ಲಿ.

ವಿದೂಷಕನೂ ಅದನ್ನೇ ಹೇಳಿದ. ಕಿರಿಯ ರಾಣಿ ಅಷ್ಟು ಒರಟಲ್ಲ. “ಅಕ್ಕ ಒಬ್ರೇ ಇರೋ ಸೀನಲ್ವಾ ಲೈಟಣ್ಣ, ಅವರ ಹತ್ರ ಇದ್ದೇ ಇರುತ್ತೆ ಅಂದ್ಕೊಂಡೆ” ಎಂದಳು. ನಾಟಕ ಬರೆದು ಆಡಿಸಿದ ಮೇಷ್ಟ್ರಿಗೆ ಮಾಡಿದರೆ, ನನ್ನ ನಾಟಕ ನನ್ನ ತಲೆಯಲ್ಲಿರುವಾಗ ಕಂಪ್ಯೂಟರಿಗೇಕೆ ಹಾಕಲಿ ಎಂದರು. ನಟರ ಜಾತಿಯೇ ಅಂಥದ್ದು. ತಾವಿರುವ ದೃಶ್ಯವನ್ನು ಹತ್ತು ಸಲ ನೋಡುತ್ತಾರೆ, ತಾವಿಲ್ಲದ ದೃಶ್ಯ ಬಂದರೆ ಚಹಾ ಕುಡಿಯಲು ಏಳುತ್ತಾರೆ. ಅವರವರ ಮುಖವಿದ್ದ ಫೈಲಿಗೆ ಗುರುತು ಹಾಕಿ ಇಳಿಸಿಕೊಂಡು, ಮಿಕ್ಕದ್ದನ್ನು ಬಿಟ್ಟಿದ್ದರು. ಆರಿಸಿಕೊಳ್ಳಲು ಅನುಕೂಲ ಮಾಡಿಕೊಟ್ಟ ಪುಣ್ಯಾತ್ಮ ಲೈಟಣ್ಣನೇ.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅಕ್ಕನ ಕಾಲ ಬಳಿ ಮಣೆ ಎಳೆದುಕೊಂಡು ಕೂತು, ಡಿಸ್ಕು ಕೆಟ್ಟದ್ದರಿಂದ ಹಿಡಿದು ಎಲ್ಲ ಹೇಳಿದ. “ತಪ್ಪಾಯ್ತು ಅಕ್ಕ. ನಿನ್ನ ದನಿ ನನ್ನ ಕೈಯಲ್ಲಿತ್ತು, ಕಳೆದುಬಿಟ್ಟೆ. ನೀನೊಬ್ಬಳೇ ಇದ್ದ ದೃಶ್ಯ ಅದು. ಇನ್ಯಾರೂ ಇಟ್ಕೊಂಡಿಲ್ಲ.”

ಅಕ್ಕ ಅಳುತ್ತಾಳೆಂದುಕೊಂಡಿದ್ದ. ಅವಳು ಹುಬ್ಬು ಗಂಟಿಕ್ಕಿ ತಮ್ಮನನ್ನು ದಿಟ್ಟಿಸಿದಳು. ಇಲ್ಲ ಇಲ್ಲ ಎಂದು ಬೆರಳಾಡಿಸಿದಳು. ಎರಡು ಬೆರಳು ತೋರಿಸಿದಳು. ತಮ್ಮನಿಗೂ ಪಕ್ಕದಲ್ಲಿ ನಿಂತಿದ್ದ ಪುಟ್ಟಿಗೂ ಅರ್ಥವಾಗಲಿಲ್ಲ. ಆಮೇಲೆ ಅವಳು ಕುರ್ಚಿಯಲ್ಲೇ ಹಿಂದಕ್ಕೊರಗಿ, ಕಣ್ಣು ಮುಚ್ಚಿ, ಕೈಗಳನ್ನು ಎದೆಯ ಮೇಲಿಟ್ಟು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅಲ್ಲಾಡದೆ ಮಲಗಿದಳು.

ತಮ್ಮನ ಜೀವ ಬಾಯಿಗೆ ಬಂತು. “ಅಕ್ಕಾ!”

“ಹೆಣ!” ಎಂದು ಕೂಗಿದಳು ಪುಟ್ಟಿ. “ಮಾವ, ಹೆಣ! ಅಮ್ಮ ಮಾತಾಡೋದು ಹೆಣದ ಜೊತೆ ಅಲ್ವಾ?”

ಸೆರಗಿನಡಿಯಿಂದ ಅಕ್ಕ ಜೋರಾಗಿ ತಲೆಯಾಡಿಸಿದಳು.

ಹೌದಲ್ಲ. ಯುದ್ಧದಲ್ಲಿ ಸತ್ತ ಮಗನ ಹೆಣದ ಮುಂದೆ ರಾಜಮಾತೆ ಆಡುವ ಮಾತುಗಳು ಅವು. ರಾಜಕುಮಾರನ ಪಾತ್ರದವನು ಕೊನೆಯ ವಂದನೆಗೆಂದು ಅಷ್ಟರಲ್ಲಿ ಬಟ್ಟೆ ಬದಲಿಸಬೇಕಾದ್ದರಿಂದ, ಬಿಳಿ ಹೊದಿಕೆಯಡಿ ದ್ವಾರಪಾಲಕನನ್ನು ಮಲಗಿಸುತ್ತಿದ್ದರು. ಈಟಿ ಹಿಡಿದು ಬಾಗಿಲಲ್ಲಿ ನಿಲ್ಲುವ, ಒಂದೇ ಒಂದು ಮಾತಿಲ್ಲದ ದ್ವಾರಪಾಲಕ. ಹಗಲಲ್ಲಿ ಅವನು ಬಸ್ ಕಂಡಕ್ಟರು, ಮುಂದೆ ಹೋಗಿ ಮುಂದೆ ಹೋಗಿ ಎಂದು ಕೂಗಿ ಕೂಗಿ ಬಾಯಿ ಒಣಗಿಸಿಕೊಂಡವನು. ಮಾತಿಲ್ಲದ ಪಾತ್ರವೇ ಬೇಕೆಂದು ಕೇಳಿ ಪಡೆಯುತ್ತಿದ್ದ. ಮಾತಿಲ್ಲದವನಿಗೆ ವಿಡಿಯೊ ಯಾಕೆ ಬೇಕು ಎಂದು ಲೈಟಣ್ಣ ಅವನನ್ನು ವಿಚಾರಿಸಲೂ ಹೋಗಿರಲಿಲ್ಲ.

ಲೈಟಣ್ಣ ಅವನ ಮನೆಗೆ ಓಡಿದಾಗ ಕಂಡಕ್ಟರು ಆಗಷ್ಟೇ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ವಿಷಯ ಕೇಳಿ ಅವನಿಗೆ ಕೋಪವೇ ಬಂತು.

“ನಾನಿಲ್ಲದ ಸೀನು ಯಾವ್ದಿದೆ ರೀ ಆ ನಾಟಕದಲ್ಲಿ? ಎಲ್ಲಾ ಕಡೆ ಈಟಿ ಹಿಡ್ಕೊಂಡು ನಿಂತಿದೀನಿ. ಪೂರ್ತಿ ಇಳಿಸ್ಕೊಂಡಿದೀನಿ ನಾನು.”

ಮೂಲೆಯಲ್ಲಿ ಹೊದಿಕೆ ಹೊದ್ದಿದ್ದ ಕಂಪ್ಯೂಟರಿನ ಮೇಲಿಂದ ಮಡಚಿಟ್ಟ ಬಟ್ಟೆಗಳನ್ನು ಅವನ ಹೆಂಡತಿ ಎತ್ತಿಕೊಂಡಳು. ಹಾಕಿದರೆ ಅದು ಎದ್ದಿತು, ಟೊರೆಂಟ್ ತೆರೆದುಕೊಂಡಿತು. ಕೊನೆಯ ದೃಶ್ಯದ ಮುಂದೆ ಕೆಂಪು ಗುರುತು: ಫೈಲು ಕಾಣುತ್ತಿಲ್ಲ. ಲೈಟಣ್ಣ ಗೋಡೆ ಹಿಡಿದುಕೊಂಡ. ದಡಕ್ಕೆ ಬಂದು ಮುಳುಗುವುದೆಂದರೆ ಇದೇ ಎಂದುಕೊಂಡ.

“ಅಯ್ಯೋ, ಅದಾ? ಅದನ್ನ ಬೇರೆ ಹೆಸರಲ್ಲಿ ಇಟ್ಟಿದೀನಿ” ಎಂದ ಕಂಡಕ್ಟರು, ಸ್ವಲ್ಪ ನಾಚಿಕೊಂಡು. ಬೇರೊಂದು ಕಡೆ ತೆರೆದು ತೋರಿಸಿದ. ಫೈಲಿನ ಹೆಸರು ‘ನಾನು ಸತ್ತದ್ದು’.

“ಮನೆಗೆ ಯಾರೇ ಬರ್ಲಿ, ಇದೇ ತೋರ್ಸೋದು” ಎಂದಳು ಹೆಂಡತಿ. “ನೋಡಿ, ಉಸಿರಾಡೋದು ಕಾಣ್ತಿದೆಯಾ, ಹೊದಿಕೆ ಅಲ್ಲಾಡ್ತಿದೆಯಾ ಅಂತ ಎಲ್ಲರ ತಲೆ ತಿನ್ನೋದು. ನಂಗಂತೂ ಸಾಕಾಗಿದೆ ಅಣ್ಣ.”

“ತಿನ್ಲಿ ಅತ್ತಿಗೆ, ಎಷ್ಟು ಬೇಕಾದ್ರೂ ತಿನ್ಲಿ” ಎಂದ ಲೈಟಣ್ಣ. ಹಳೆಯ ಹೆಸರು ಕೊಟ್ಟು, ಹಳೆಯ ಜಾಗಕ್ಕೆ ತಂದಿಟ್ಟು, ಮತ್ತೊಮ್ಮೆ ಪರೀಕ್ಷಿಸು ಎಂದು ತಂತ್ರಾಂಶಕ್ಕೆ ಹೇಳಿದ. ಅದು ಚೂರುಚೂರನ್ನೂ ಮುಟ್ಟಿ ಮುಟ್ಟಿ ನೋಡತೊಡಗಿತು. ಕೆಂಪು ಹೋಗಿ ಹಸಿರು ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಮಾವ! ತೊಂಬತ್ತೆರಡು! ಮಾವ, ತೊಂಬತ್ಮೂರು!” ಪುಟ್ಟಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ.

ಲೈಟಣ್ಣ ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿದಿತ್ತು. ಕಂಡಕ್ಟರನ ಹೆಂಡತಿ ನೀರು ತಂದುಕೊಟ್ಟಳು.

“ಅಲ್ಲಾ, ಒಂದು ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿದ್ರೆ ಆಗ್ತಿರ್ಲಿಲ್ವಾ? ಇದಕ್ಕೆ ಇಷ್ಟುದ್ದ ಪುರಾಣ ಯಾಕೆ?” ಎಂದ ಕಂಡಕ್ಟರು.

ಲೈಟಣ್ಣ ಲೋಟ ಕೆಳಗಿಟ್ಟು ಅವನ ಮುಖ ನೋಡಿದ. ಇದು ಹೊಳೆದೇ ಇರಲಿಲ್ಲ. “ಅದಕ್ಕೂ ಹಾಕಿಕೊಡಪ್ಪ. ಎರಡೆರಡು ಹಾಕು. ಕಂಪ್ಯೂಟರ್ ಮಾತ್ರ ಆರಿಸ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ.”

ಮರುದಿನ ಇಳಿಹೊತ್ತಿನಲ್ಲಿ ಅಕ್ಕನ ಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಕಂಡಕ್ಟರು ತನ್ನ ಅಭಿನಯ ನೋಡಲು ಮುಂದಿನ ಕುರ್ಚಿಯನ್ನೇ ಹಿಡಿದಿದ್ದ. ಪುಟ್ಟಿ ಎಲ್ಲರಿಗೂ ಚಹಾ ಮಾಡಲೆಂದು ಅಡುಗೆಮನೆಗೆ ಹೋಗಿದ್ದಳು. ಅವಳು ಬರಲಿ ಎಂದರೆ ಅಕ್ಕನಿಗೆ ತಡೆಯಲಾಗಲಿಲ್ಲ, ಹಾಕು ಹಾಕು ಎಂದು ತಮ್ಮನ ತೋಳು ತಿವಿದಳು.

ಪರದೆಯ ಮೇಲೆ ಕತ್ತಲು, ಆಮೇಲೆ ಮೆಲ್ಲನೆ ಲೈಟಣ್ಣ ಬಿಟ್ಟ ಬೆಳಕು, ಬಿಳಿ ಹೊದಿಕೆ, ಅದರ ಪಕ್ಕ ಅಕ್ಕ. ಮೊದಲ ಮಾತು ಬಂದಾಗ ಕುರ್ಚಿಯಲ್ಲಿದ್ದ ಅಕ್ಕನ ತುಟಿಗಳೂ ಅಲುಗಿದವು. ಮುಂದಿನ ಮಾತಿಗೂ ಅಲುಗಿದವು. ಒಂದಕ್ಷರ ಹಿಂದಿಲ್ಲ, ಮುಂದಿಲ್ಲ. ಲೈಟಣ್ಣ ಪರದೆ ನೋಡುವುದನ್ನು ಬಿಟ್ಟು ಅಕ್ಕನನ್ನೇ ನೋಡಿದ. ಸಂತೋಷಕ್ಕೆ ಅವನ ಕಣ್ಣು ಮಂಜಾಯಿತು. ಕಂಡಕ್ಟರು ಕೂಡ ತನ್ನ ಉಸಿರಿನ ವಿಷಯ ಮರೆತಿದ್ದ.

ದನಿ ಏರುತ್ತ ಹೋಯಿತು. ನಡುಮನೆ ತುಂಬಿ ಹೊರಗೆ ಹರಿಯಿತು, ಬಾಗಿಲು ದಾಟಿತು.

“ಏಳು ಕಂದಾ. ಎಷ್ಟು ಸಲ ಕರೆಯಲಿ ನಿನ್ನನ್ನ? ಊಟ ಆರಿಹೋಗ್ತಾ ಇದೆ. ಬಾ ಕಂದಾ, ಬಾ.”

“ಬಂದೆ ಅಮ್ಮಾ” ಎಂದಳು ಅಡುಗೆಮನೆಯಿಂದ ಪುಟ್ಟಿ.

ಯೋಚಿಸಿ ಹೇಳಿದ್ದಲ್ಲ. ಕರೆದರು, ಓಗೊಟ್ಟಳು. ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು, ಬಾಯಿಗೆ ಅಂಗೈ ಅಡ್ಡ ಹಿಡಿದು. ಅಕ್ಕ ಮಗಳ ಕಡೆ ತಿರುಗಿ ಎರಡೂ ತೋಳು ಚಾಚಿದಳು. ಪುಟ್ಟಿ ಓಡಿಬಂದು ಅವಳ ಮಡಿಲಲ್ಲಿ ಮುಖವಿಟ್ಟಳು. ಪರದೆಯ ಮೇಲೆ ಅಕ್ಕ ಇನ್ನೂ ಕರೆಯುತ್ತಿದ್ದಳು, ಲೈಟಣ್ಣ ದನಿಯನ್ನು ಇನ್ನಷ್ಟು ಏರಿಸಿದ.