ತಂದೆಯ ಹೆಸರು

ಐವತ್ತರ ದಶಕದಲ್ಲಿ ನಮ್ಮ ಜಾತಿನಾಯಿ ಸಂಘ ಅರಸೀಕೆರೆಯಲ್ಲಿ ಮೊದಲ ಪ್ರದರ್ಶನ ಇಟ್ಟಾಗ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಜಾತಿನಾಯಿ ಅಂದಮೇಲೆ ಅದರ ಅಪ್ಪ ಯಾರೆಂದೂ ಬರೆಯಬೇಕು. ಹತ್ತಿರದ ಗಂಡಸಿ ಊರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಮುಧೋಳ ನಾಯಿ ಹಿಡಿದು ಬಂದರು.

"ತಂದೆ ಹೆಸರು ಹೇಳಿ," ಅಂದೆ.

"ರುದ್ರಪ್ಪ."

ಬರೆದುಕೊಂಡೆ. ಮೊದಲ ಬಹುಮಾನ ಆ ನಾಯಿಗೇ ಬಂತು. ಮೈಕಿನಲ್ಲಿ, "ರುದ್ರಪ್ಪನ ಮಗ ಟೈಗರ್" ಎಂದು ಗಟ್ಟಿಯಾಗಿ ಓದಿದೆ. ಮುಂದಿನ ಸಾಲಿನಲ್ಲಿದ್ದ ವ್ಯಾಪಾರಿಯ ತಂದೆ ಎದ್ದು ನಿಂತರು. ಅವರೇ ರುದ್ರಪ್ಪನವರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಇರ್ಲಿ ಬಿಡ್ರೀ," ಅಂದರು. "ನನ್ ಮಕ್ಕಳಲ್ಲಿ ಬಹುಮಾನ ತಂದೋನು ಇವನೊಬ್ನೇ."

ಅಂದಿನಿಂದ "ನಾಯಿಯ ತಂದೆ ಯಾರು?" ಎಂದೇ ಬಿಡಿಸಿ ಕೇಳತೊಡಗಿದೆ. ಕೆಲವರು ಎದೆ ಮುಟ್ಟಿಕೊಂಡು, "ನಾನೇ ಕಣ್ರೀ" ಅನ್ನುತ್ತಿದ್ದರು.