ಮಾತ್ರೆಗೆ ಮುಂಚೆ ಮುದ್ದೆ: ನಮ್ಮ ಕಾಂಪೌಂಡರ್ ಕೋದಂಡಪ್ಪನವರು

ವೈದ್ಯಲೋಕದಲ್ಲಿ ರೋಗ ಕಂಡುಹಿಡಿದವರಿಗೆ ಒಂದು ಗೌರವ, ಕತ್ತರಿ ಹಿಡಿದವರಿಗೆ ಇನ್ನೊಂದು ಗೌರವ ಸಲ್ಲುವುದು ವಾಡಿಕೆ. ಕಿಟಕಿಯ ಸರಳುಗಳ ಹಿಂದೆ ನಿಂತು, "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂದು ಜೀವಮಾನವಿಡೀ ಕೂಗಿ ಗಂಟಲು ಕಟ್ಟಿಸಿಕೊಂಡವರಿಗೆ ಮಾತ್ರ ಸಾಮಾನ್ಯವಾಗಿ ಸಲ್ಲುವುದು ಒಂದು ಹಾರ ಮತ್ತು ಒಂದು ನಿಂಬೆಹಣ್ಣು. ಊರಿಗಾಂ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳ ಪಕ್ಕದ ನಮ್ಮ ಔಷಧಾಲಯದ ಕಾಂಪೌಂಡರ್, ಸನ್ಮಾನ್ಯ ಶ್ರೀ ಕೋದಂಡಪ್ಪನವರ ನಿವೃತ್ತಿಯ ಈ ಶುಭಸಂದರ್ಭದಲ್ಲಿ ಹಾರ, ನಿಂಬೆಹಣ್ಣುಗಳ ಜೊತೆಗೆ ಒಂದು ಗ್ರಂಥವೂ ಸಮರ್ಪಿತವಾಗುತ್ತಿರುವುದು ಈ ಸೀಮೆಗೇ ಹೆಮ್ಮೆಯ ಸಂಗತಿ. ಅವರೊಡನೆ ಹದಿನೈದು ವರ್ಷ ದಾದಿಯಾಗಿ ದುಡಿದು, ಅವರಿಂದ ಬೈಸಿಕೊಂಡು, ಅಷ್ಟನ್ನೇ ತಿರುಗಿಸಿ ಬೈದವಳು ನಾನು. "ಸ್ವಲ್ಪ ಗಂಭೀರವಾಗಿ ಬರೆಯಿರಿ ಆದಿಲಕ್ಷ್ಮಮ್ಮನವರೇ" ಎಂದು ಎಚ್ಚರಿಸಿಯೇ ಗ್ರಂಥ ಸಮಿತಿಯವರು ಅದರಲ್ಲಿ ನನಗೆ ಜಾಗ ಕೊಟ್ಟಿದ್ದಾರೆ. ವಿಷಯ ಹೊಟ್ಟೆಯದು, ಹೊಟ್ಟೆಯಿಂದ ಕೆಳಗಿನದೂ ಹೌದು. ಗಾಂಭೀರ್ಯ ಎಷ್ಟು ದೂರ ಬರುತ್ತದೋ ಅಷ್ಟು ದೂರ ಬರಲಿ.

ಬೇತಮಂಗಲದ ಕೆರೆ ಬಯಲಿನ ಒಕ್ಕಲು ಮನೆತನದಲ್ಲಿ ಹುಟ್ಟಿದ ಶ್ರೀಯುತರು ನಾನು ಸೇವೆಗೆ ಸೇರಿದ ೧೯೫೩ರ ಹೊತ್ತಿಗಾಗಲೇ ನಮ್ಮ ಔಷಧಾಲಯದ ಗೋಡೆಯಷ್ಟೇ ಹಳಬರಾಗಿದ್ದರು. ಇಸ್ತ್ರಿಯ ಬಿಳಿ ಕೋಟು, ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಬಾಚಣಿಗೆ. ಕೆಮ್ಮಿನ ಮಿಕ್ಸ್ಚರನ್ನು ಸೀಸೆಯಲ್ಲಿ ಕುಲುಕುವಾಗ ಅವರು ಮುಖ ಮಾಡುತ್ತಿದ್ದ ರೀತಿ ನೋಡಿದರೆ ಸಮುದ್ರಮಥನವನ್ನೇ ಗುತ್ತಿಗೆ ಹಿಡಿದಿದ್ದಾರೇನೋ ಅನ್ನಿಸುತ್ತಿತ್ತು. ತಮ್ಮ ವಿಷಯದಲ್ಲಿ ಅವರಿಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಅದನ್ನು ಇತರರ ಮೇಲೆ ಬಿಡದೆ ಅವರೇ ಹೇಳಿಕೊಳ್ಳುತ್ತಿದ್ದರು.

ಆ ಕಾಲಕ್ಕೆ ಗಣಿಯ ಜನಕ್ಕೆ ಆಸ್ಪಿರಿನ್ ಎಂಬ ಬಿಳಿ ಮಾತ್ರೆಯ ಮೇಲೆ ಮೋಹ ಹುಟ್ಟಿತ್ತು. ಭೂಮಿಯೊಳಗೆ ಬಗ್ಗಿ ದುಡಿದು ಸೊಂಟ, ಮೊಣಕಾಲು ಹಿಡಿದುಕೊಂಡು ಬಂದವರಿಗೆ ಅದು ನಿಜಕ್ಕೂ ಉಪಕಾರ ಮಾಡುತ್ತಿತ್ತು: ನೋವು ತಗ್ಗುತ್ತಿತ್ತು, ಬಾವು ಇಳಿಯುತ್ತಿತ್ತು. ಆದರೆ ನಮ್ಮವರು ಅದನ್ನು ಬಳಸುತ್ತಿದ್ದ ಬಗೆಗಳನ್ನು ಮಾತ್ರ ಕೇಳಬಾರದು. ಕೆಲವರು ಅದನ್ನು ಶುಂಠಿಯಂತೆ ತೇದು ಹಣೆಗೆ ಪಟ್ಟು ಹಾಕುತ್ತಿದ್ದರು. ಔಷಧಿ ಎಂದರೆ ಮಡಿಯಲ್ಲಿ, ಬರೀ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕೆಂದು ಶನಿವಾರದ ಒಪ್ಪತ್ತಿನವರು ಪೂರ್ವಕ್ಕೆ ತಿರುಗಿ ಕೈಮುಗಿದು ನುಂಗುತ್ತಿದ್ದರು. ಬೆಳಗಿನ ಪಾಳಿಯವರು ಹಾಲಿಲ್ಲದ ಚಹಾದ ಜೊತೆ ಬಾಯಿಗೆ ಎಸೆದುಕೊಂಡು ಗಣಿಗೆ ಇಳಿಯುತ್ತಿದ್ದರು, ಆಮೇಲೆ ಹೊಟ್ಟೆ ಉರಿಯಿತೆಂದು ಗಣಿಯನ್ನು ಬೈಯುತ್ತಿದ್ದರು.

ಇದಕ್ಕೆ ಶ್ರೀಯುತರು ಕಂಡುಕೊಂಡ ಪರಿಹಾರ ಸೀಮೆಗೇ ಪ್ರಸಿದ್ಧವಾಯಿತು. ಅವರ ಧರ್ಮಪತ್ನಿ ಶ್ರೀಮತಿ ಕನಕಮ್ಮನವರು ಬೆಳಿಗ್ಗೆಯೇ ತೊಳಸಿದ ರಾಗಿಮುದ್ದೆಗಳ ಒಂದು ಪಾತ್ರೆ, ಪಕ್ಕದಲ್ಲಿ ಹುರುಳಿ ಸಾರಿನ ಒಂದು ತಪ್ಪಲೆ, ಔಷಧಾಲಯದ ಕಿಟಕಿಯ ಪಕ್ಕದಲ್ಲಿ ಬಂದು ಕೂತವು. "ಉಂಡ್ಯಾ?" ಎಂದು ಶ್ರೀಯುತರು ಕೇಳುತ್ತಿದ್ದರು. "ಇಲ್ಲ ಸಾಮಿ" ಎಂದರೆ ಕೈಗೆ ಮಾತ್ರೆಯ ಬದಲು ಮುದ್ದೆ ಬರುತ್ತಿತ್ತು. ಅದು ಗಂಟಲಿನಿಂದ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮಾತ್ರೆ, ಜೊತೆಗೆ ಒಂದು ತುಂಬಿದ ಲೋಟ ನೀರು. ಎಷ್ಟೋ ಹಸಿದ ಹೊಟ್ಟೆಗಳು ಆ ಪಾತ್ರೆಯಿಂದ ತಣಿದವು, ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಕನಕಮ್ಮನವರ ಸಾರು ರುಚಿಯಾಗಿದ್ದುದರಿಂದ ಆರು ತಿಂಗಳೊಳಗೆ ಊರಿಗಾಮಿನಲ್ಲಿ ತಲೆನೋವಿನವರ ಸಂಖ್ಯೆ ಎರಡರಷ್ಟಾದದ್ದೂ ನಿಜ. ಮುದ್ದೆ ಮುಗಿದ ಮೇಲೆ ಅವರಲ್ಲಿ ಬಹಳ ಮಂದಿಗೆ ಮಾತ್ರೆ ನೆನಪಾಗುತ್ತಿರಲಿಲ್ಲ. "ಹೊಟ್ಟೆ ಭದ್ರವಾದರೆ ಸರಿ, ಇನ್ನು ಆಸ್ಪಿರಿನ್ ಏನೂ ಮಾಡದು" ಎಂದು ಶ್ರೀಯುತರು ಎದೆ ಉಬ್ಬಿಸಿ ಹೇಳುತ್ತಿದ್ದರು. ಆ ಎದೆಯನ್ನು ಇಳಿಸಿದವರು ಅವರ ಮಾವ.

ಮಾವ ಶ್ರೀ ಚಿಕ್ಕಮುನಿಯಪ್ಪನವರು ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದವರು, ಮೂವತ್ತು ವರ್ಷ ದುಡಿದು ಎರಡು ಮೊಣಕಾಲನ್ನೂ ಅಲ್ಲೇ ಸವೆಸಿಕೊಂಡಿದ್ದವರು. ಅಳಿಯಂದಿರ ಕಿಟಕಿಗೂ ಅವರು ಬರುತ್ತಿದ್ದರು. ಹೊಟ್ಟೆ ತುಂಬ ಉಂಡೇ ಬರುತ್ತಿದ್ದರು. "ಉಂಡ್ರಾ ಮಾವ?" ಎಂಬ ಪ್ರಶ್ನೆಗೆ ತೇಗಿನಲ್ಲೇ ಉತ್ತರ ಕೊಟ್ಟು ಮಾತ್ರೆ ಪಡೆದು ಹೋಗುತ್ತಿದ್ದರು. ಬೇರೇನು ಕೇಳಬೇಕೆಂದು ಶ್ರೀಯುತರಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಮಾವನವರನ್ನು ಪ್ರಶ್ನೆ ಮಾಡುವ ಧೈರ್ಯ ಅವರಿಗಿರಲಿಲ್ಲ.

ಇಲ್ಲಿ ಆ ಮನೆಯ ರಿವಾಜೊಂದನ್ನು ಅರಿಕೆ ಮಾಡಬೇಕು. ಅತ್ತೆ ಮುನಿಗಂಗಮ್ಮನವರು ಹಳೆಯ ಕಟ್ಟಿನವರು. ಮಗಳ ಮದುವೆಯಾದಂದಿನಿಂದ ಅಳಿಯಂದಿರಿಗೆ ಮುಖ ತೋರಿಸಿದವರಲ್ಲ, ನೇರವಾಗಿ ಒಂದು ಮಾತಾಡಿದವರಲ್ಲ. ಹೇಳಲೇಬೇಕಾದದ್ದು ಇದ್ದರೆ ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಹೊದ್ದು ನಿಂತು, ಪಡಸಾಲೆಯ ಕಂಬಕ್ಕೆ ಕಟ್ಟಿದ್ದ ಮೇಕೆಗೆ ಹೇಳುತ್ತಿದ್ದರು. ಅಳಿಯಂದಿರೂ ಉತ್ತರವನ್ನು ಮೇಕೆಗೇ ಒಪ್ಪಿಸುತ್ತಿದ್ದರು. ಒಂದು ಮದುವೆಯ ಮಾತುಕತೆ ಪೂರ್ತಿ ಆ ಮೇಕೆಯ ಮೂಲಕ ಕುದುರಿತ್ತು.

೧೯೫೮ರ ಒಂದು ಮಧ್ಯಾಹ್ನ. ಮಾವನ ಮನೆಯಲ್ಲಿ ಶ್ರೀಯುತರಿಗೂ ನನಗೂ ಊಟ. ಮಾವನವರು ಎರಡು ಗಂಟೆಯ ಪಾಳಿಗೆಂದು ಆಗಲೇ ಹೊರಟುಹೋಗಿದ್ದರು. ಬಾಗಿಲ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಲೇ ಮೇಕೆ, ಒಂದ್ ಮಾತು ಯೇಳ್ತೀನಿ ಕೇಳು. ಈ ಮನೆ ಯಜಮಾನ್ರು ಬೆಳಗಾಗೆದ್ದು ಚೊಂಬು ಇಡ್ಕೊಂಡು ಓಗಿ ಬಂದ್ರೆ ಒಂದೇ ಖುಷಿ. ಗಣಿ ಧೂಳೆಲ್ಲ ಮೈಯಿಂದ ಈಚಿಗ್ ಬತ್ತಾ ಐತಂತೆ. ಡಾಂಬರು ಇದ್ದಂಗೆ ಕರ್ರಗೆ."

ಶ್ರೀಯುತರ ಕೈ ಮುದ್ದೆಯಲ್ಲೇ ನಿಂತಿತು. "ಮೇಕೆ, ಎಷ್ಟು ದಿನದಿಂದ ಇಂಗೆ ಅಂತ ಕೇಳಿ ಯೇಳು" ಎಂದರು.

"ನಾಕು ದಿನ ಆತು ಅಂತ ಯೇಳ್ ಮೇಕೆ. ಎಲ್ಲಾ ಮಾತ್ರೆ ಮಯ್ಮೆ ಅಂತಾರೆ. ಅಳಿಯಂದ್ರು ಕೊಟ್ಟ ಬಿಳೇದು ಮೊಣಕಾಲ್ಗಂತೆ. ರಾಬರ್ಟ್‌ಸನ್‌ಪೇಟೆ ಅಂಗಡೀದು ಕೆಂಪು ಕಾಗದದ್ದು ಸೊಂಟಕ್ಕಂತೆ. ಬಂಗಾರಪೇಟೆ ರೈಲ್ನಾಗೆ ಮಾರೋನ ಪುಡಿ ಇನ್ನೊಂದು, ಅದು ಧೂಳು ತೊಳ್ಯಕ್ಕಂತೆ. ಮೂರೂ ಒಟ್ಟಿಗೇ ನುಂಗ್ತಾರೆ. ಲೈನಿನೋರ್ಗೆಲ್ಲ ನೀವೂ ನುಂಗ್ರಿ ಅಂತ ಬುದ್ಧಿ ಬೇರೆ ಯೇಳ್ತಾವ್ರೆ."

"ಅಯ್ಯೋ ಮೇಕೇ, ಮೂರೂ ಒಂದೇ ಔಷಧಿ ಕಣೇ!" ಎಂದು ಶ್ರೀಯುತರು ಕೂಗಿದರು. ಮೇಕೆ ಗಾಬರಿಯಾಗಿ ಅರಚಿತು. ಶ್ರೀಯುತರು ಎಂಜಲು ಕೈಯಲ್ಲೇ ಎದ್ದು ಅಡುಗೆಮನೆಯ ಬಾಗಿಲನ್ನು ದೂಡಿ, ಜೀವಮಾನದಲ್ಲಿ ಮೊದಲ ಸಲ ಅತ್ತೆಯ ಎದುರಿಗೆ ನಿಂತು, "ಅತ್ತೇ, ತಲೆ ತಿರುಗ್ತದೆ ಅಂತಾರಾ?" ಎಂದು ಕೇಳಿದರು. ಮುನಿಗಂಗಮ್ಮನವರು ಸೆರಗೆಳೆದುಕೊಂಡರು. ಒಂದು ಗಳಿಗೆ ಮೇಕೆಯ ಕಡೆ ನೋಡಿದರು. ಮತ್ತೆ ನೇರವಾಗಿ, "ಊ ಕಣಪ್ಪಾ. ನೆನ್ನೆ ಕಣ್ಣು ಕತ್ಲೆ ಬಂದು ಗೋಡೆ ಇಡ್ಕೊಂಡ್ರು. ಏನಾತಪ್ಪಾ ಅವರ್ಗೆ?" ಎಂದು ಅತ್ತುಬಿಟ್ಟರು.

ತಲೆ ತಿರುಗುವ ಮನುಷ್ಯ ಗಣಿಯೊಳಕ್ಕೆ ಇಳಿಯುವುದೆಂದರೆ ಏನೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರು ಪಟ್ಟು ಆಸ್ಪಿರಿನ್ ಬಿದ್ದು ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಪಾಳಿಯ ಸೈರನ್ನಿಗೆ ಇನ್ನು ಸ್ವಲ್ಪವೇ ಹೊತ್ತಿದೆ. ಶ್ರೀಯುತರು ಓಡಿದರು. ಬಾಚಣಿಗೆ ಎಲ್ಲೋ ಬಿತ್ತು, ಚಪ್ಪಲಿ ಇನ್ನೆಲ್ಲೋ ಬಿತ್ತು. ಬಲಗೈಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು. ಹಿಂದೆ ನಾನು, ನನ್ನ ಹಿಂದೆ ಕಟ್ಟು ಬಿಚ್ಚಿಕೊಂಡ ಮೇಕೆ. ಔಷಧಾಲಯದಲ್ಲಿ ಏನೋ ಕಳ್ಳತನವಾಗಿದೆ ಎಂದು ದಾರಿಯವರು ತಿಳಿದರಂತೆ.

ಶಾಫ್ಟಿನ ಬಾಯಲ್ಲಿ, ಆಳುಗಳನ್ನು ಗಣಿಗೆ ಇಳಿಸುವ ಕೇಜಿನೊಳಕ್ಕೆ ಚಿಕ್ಕಮುನಿಯಪ್ಪನವರು ಒಂದು ಕಾಲು ಇಟ್ಟಾಗಿತ್ತು. ಅಳಿಯ ಓಡಿಬಂದು ಅಡ್ಡ ನಿಂತದ್ದು ಕಂಡು ಜೊತೆಯವರೆಲ್ಲ ನಕ್ಕರು.

"ಏನ್ ಅಳಿಯಂದ್ರೇ, ಮುದ್ದೆ ತಿನ್ಸಕ್ಕೆ ಇಲ್ಲಿಗಂಟ ಬಂದ್ರಾ? ಉಂಡಿವ್ನಿ ಓಗ್ರಿ" ಎಂದರು ಮಾವನವರು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು, ಜಂಬ ಮಾತ್ರ ಕಡಿಮೆಯಾಗಿರಲಿಲ್ಲ. "ಮೂವತ್ತು ವರ್ಸದ ಧೂಳು ಈಗ ಈಚಿಗ್ ಬತ್ತಾ ಐತೆ. ಮೈ ಅಗುರಾಗೈತೆ."

ಮಾವನ ಮುಂದೆ ಎಂದೂ ತಲೆಯೆತ್ತದಿದ್ದ ಶ್ರೀಯುತರು ಇಡೀ ಪಾಳಿಗೆ ಕೇಳುವಂತೆ ಕೂಗಿದರು: "ಮಾವಾ, ಅದು ಧೂಳಲ್ಲ. ನಿಮ್ಮ ರಕ್ತ! ಒಟ್ಟೆಯೊಳಗೆ ಸೋರಿದ ರಕ್ತ ಕೆಂಪಗೆ ಬರಲ್ಲ, ಕರ್ರಗೆ ಬತ್ತೈತೆ. ಅದಕ್ಕೇ ಮೈ ಅಗುರಾಗಿರೋದು!"

ಚಿಕ್ಕಮುನಿಯಪ್ಪನವರು ಕೇಜಿನಿಂದ ಕಾಲು ತೆಗೆದು, ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಒರಗಿದರು. ಆಸ್ಪತ್ರೆಯಲ್ಲಿ ಅವರಿಗೆ ರಕ್ತ ಕೊಟ್ಟರು. ಇಳಿದು ಹೋಗಿದ್ದರೆ ಮೇಲೆ ಬರುತ್ತಿರಲಿಲ್ಲವೆಂದು ಡಾಕ್ಟರು ಹೇಳಿದಾಗ ಶ್ರೀಯುತರು ವರಾಂಡದ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತರು. "ಹೊಟ್ಟೆ ತುಂಬಿದ್ದರೆ ಸಾಕು ಅಂದುಕೊಂಡಿದ್ದೆ ಆದಿಲಕ್ಷ್ಮಮ್ಮ. ಸಾಲದು" ಎಂದರು. ಆ ಮಾತಿಗಾಗಿ ಅವರ ಮೇಲೆ ನನಗಿದ್ದ ಗೌರವ ಅಂದೇ ನೂರ್ಮಡಿಯಾಯಿತು. ತಿಂಗಳು ಕಳೆದು ಮಾವನವರು ಕೋಲೂರಿಕೊಂಡು ಮನೆಗೆ ಬಂದರು.

ಅಲ್ಲಿಂದ ಮುಂದೆ ಕಿಟಕಿಯಲ್ಲಿ ಒಂದು ಪ್ರಶ್ನೆಯಿದ್ದದ್ದು ನಾಲ್ಕಾಯಿತು. ಉಂಡಿದ್ದೀಯಾ? ಅಂಗಡಿಯದೋ ರೈಲಿನದೋ ಬೇರೆ ಏನಾದರೂ ನೋವಿನ ಮಾತ್ರೆ ಪುಡಿ ನುಂಗಿದ್ದೀಯಾ, ಇದ್ದರೆ ಕಾಗದ ಸಮೇತ ತೋರಿಸು. ಹೊಟ್ಟೆಯಲ್ಲಿ ಹಿಂದೆ ಹುಣ್ಣಾಗಿತ್ತೇ, ಕುಡಿತ ಉಂಟೇ? ಬೆಳಗಿನ ಬಣ್ಣ ಏನು? ಉತ್ತರ ಸರಿಯಿದ್ದರೂ ಎರಡು ಮೂರು ದಿನಕ್ಕೆ ಮೀರಿ ಮಾತ್ರೆ ಇಲ್ಲ. ನೋವು ಹಾಗೂ ಬಿಡದಿದ್ದರೆ ಡಾಕ್ಟರ ಬಳಿಗೆ. ಮೊದಲ ವಾರವೇ, ಮಾವನವರ ಬುದ್ಧಿಮಾತು ಕೇಳಿ ಧೂಳು ತೊಳೆಸಿಕೊಳ್ಳುತ್ತಿದ್ದ ಇನ್ನಿಬ್ಬರು ನಾಲ್ಕನೆಯ ಪ್ರಶ್ನೆಗೆ ಸಿಕ್ಕಿಬಿದ್ದರು. ಅವರಿಬ್ಬರೂ ಇಂದು ಮೊಮ್ಮಕ್ಕಳನ್ನು ಎತ್ತಿಕೊಂಡು ತಿರುಗುತ್ತಿದ್ದಾರೆ.

ಶ್ರೀಯುತರ ಕಂಠ ದೊಡ್ಡದು, ಸಾಲಿನಲ್ಲಿ ಹೆಂಗಸರೂ ಇರುತ್ತಿದ್ದರು. ಬಣ್ಣದ ಪ್ರಶ್ನೆಗೆ ಅವರು ನಾಚಿ ಮನೆಗೆ ಹೋಗತೊಡಗಿದಾಗ ಶ್ರೀಯುತರು ಮಾವನ ಮನೆಯ ಮೇಕೆಯನ್ನು ತಂದು ಕಿಟಕಿಯ ಕೆಳಗೆ ಕಟ್ಟಿ, "ನನಗೆ ಯೇಳಬ್ಯಾಡ್ರಿ, ಇದಕ್ಕೆ ಯೇಳ್ರಿ" ಎಂದು ಗೋಡೆ ಕಡೆ ತಿರುಗಿ ನಿಂತರು. ಉಪಾಯ ಬಹಳ ಚೆನ್ನಾಗಿ ನಡೆಯಿತು. ಮೇಕೆ ಒಂದು ಕಟ್ಟು ಬ್ಯಾಂಡೇಜು ಬಟ್ಟೆಯನ್ನೂ ಡಾಕ್ಟರ ಟೋಪಿಯ ಅಂಚನ್ನೂ ತಿಂದ ದಿನ ಅದರ ಸೇವೆ ಮುಕ್ತಾಯವಾಯಿತು. ಅದಕ್ಕೆ ಯಾರೂ ಬೀಳ್ಕೊಡುಗೆ ಮಾಡಲಿಲ್ಲ. ಹೆಂಗಸರನ್ನು ಒಳಗೆ ಕರೆದು ಕೇಳುವ ಕೆಲಸ ಅಂದಿನಿಂದ ನನ್ನದಾಯಿತು.

ಹೋದ ವಾರ ಶ್ರೀಯುತರ ಜನ್ಮಸಂವತ್ಸರ ವಿಚಾರಿಸಲು ಸಮಿತಿಯ ಗಣ್ಯರೊಡನೆ ನಾನೂ ಅವರ ಮನೆಗೆ ಹೋಗಿದ್ದೆ. ಇಷ್ಟು ವರ್ಷ ನಿಂತೇ ದುಡಿದ ಫಲವಾಗಿ ಅವರ ಮೊಣಕಾಲೂ ಈಗ ಬಾತಿವೆ. ಅಧ್ಯಕ್ಷರು ಅವರ ಗುಣಗಾನ ಮಾಡುತ್ತಿರುವಾಗಲೇ ಅವರು ಮೆಲ್ಲನೆ ಕೈ ಚಾಚಿ ಗೂಡಿನಲ್ಲಿದ್ದ ಮಾತ್ರೆಯ ಡಬ್ಬಿ ತೆಗೆದುಕೊಂಡರು. ಈಗ ಮಗಳ ಮನೆಯಲ್ಲೇ ಇರುವ, ಅರವತ್ತೈದು ದಾಟಿದ ಮುನಿಗಂಗಮ್ಮನವರು ಒಳಗಿನಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಳಿಯನ ಎದುರಿಗೇ ನಿಂತು ಡಬ್ಬಿ ಕಿತ್ತುಕೊಂಡರು.

"ಉಂಡ್ಯಾ? ಬೇರೆ ಏನಾನ ನುಂಗಿದ್ಯಾ? ಒಟ್ಟೆ ಉರಿ ಐತಾ? ಬೆಳಗ್ಗೆ ಏನ್ ಬಣ್ಣ ಇತ್ತು, ಯೇಳಪ್ಪ, ನಾಚ್ಕೊಬ್ಯಾಡ."

ಅಧ್ಯಕ್ಷರಿಗೆ ಕಾಫಿ ನೆತ್ತಿಗೇರಿತು. ಮೂಲೆಯಲ್ಲಿ ಕೋಲು ಹಿಡಿದು ಕೂತಿದ್ದ ಚಿಕ್ಕಮುನಿಯಪ್ಪನವರು ಬೊಚ್ಚುಬಾಯಿ ತೆರೆದು ನಕ್ಕರು. ಸನ್ಮಾನ್ಯ ಕೋದಂಡಪ್ಪನವರು ಎದ್ದು ನಿಂತು, ಕೈಕಟ್ಟಿ, ನಾಲ್ಕಕ್ಕೂ ಕ್ರಮವಾಗಿ ಉತ್ತರ ಒಪ್ಪಿಸಿದರು. ಮೊದಲನೆಯದರಲ್ಲೇ ನಪಾಸಾದರು, ಅವರು ಇನ್ನೂ ಉಂಡಿರಲಿಲ್ಲ. ಮುನಿಗಂಗಮ್ಮನವರು ಡಬ್ಬಿಯನ್ನು ಮಡಿಲಿಗೆ ಹಾಕಿಕೊಂಡು ಒಳಗೆ ಹೋದರು, ಬಿಸಿಮುದ್ದೆಯ ತಟ್ಟೆ ಹಿಡಿದು ಹೊರಗೆ ಬಂದರು.

ಶ್ರೀಯುತರಿಗೆ ದೀರ್ಘಾಯುಷ್ಯವನ್ನು ಹಾರೈಸುವುದು ಈ ಬಗೆಯ ಲೇಖನದ ಸಂಪ್ರದಾಯ. ನಾನು ಆ ಹಾರೈಕೆಯನ್ನು ಮುನಿಗಂಗಮ್ಮನವರಿಗೆ ಮೊದಲು ಸಲ್ಲಿಸುತ್ತೇನೆ. ಅವರು ಎದುರಿಗೆ ನಿಂತು ಕೇಳುತ್ತಿರಲಿ, ಇವರು ಕೈಕಟ್ಟಿ ಉತ್ತರ ಹೇಳುತ್ತಿರಲಿ, ಬಣ್ಣ ಎಂದೆಂದೂ ಸರಿಯಾಗಿರಲಿ.